ಧೂಳಿಲ್ಲದ ಸ್ವರ್ಗ

ನಮ್ಮ ಮನೆಗಳಲ್ಲಿ ಪೊರಕೆಗೆ ವಿಚಿತ್ರವಾದ ಒಂದು ಸ್ಥಾನವಿದೆ. ಅದನ್ನು ತುಳಿಯಕೂಡದು, ದಾಟಕೂಡದು. ಅದು ಲಕ್ಷ್ಮಿ ಎನ್ನುತ್ತೇವೆ. ಆದರೂ ಬಂದವರ ಕಣ್ಣಿಗೆ ಬೀಳದಂತೆ ಬಾಗಿಲಿನ ಹಿಂದೆ ಸರಿಸಿಡುತ್ತೇವೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಮನೆಯ ಹಿರಿಯರು ಗದರುತ್ತಾರೆ. ಶುಚಿಗೂ ದೈವಕ್ಕೂ ನಂಟಿದೆಯೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಿಂದು ಮಡಿಯುಟ್ಟು ದೇವರ ಮುಂದೆ ಕುಳಿತವರನ್ನು ಕಂಡೇ ನಾವು ಬೆಳೆದಿದ್ದೇವೆ. ಆದರೆ ಆ ಮಡಿ ದೇವರ ಮನೆಯ ಹೊಸಿಲನ್ನು ದಾಟಿ ಅಂಗಡಿಯ ತಕ್ಕಡಿಯವರೆಗೆ, ಕಚೇರಿಯ ಮೇಜಿನವರೆಗೆ, ಬಡಗಿಯ ಉಳಿಯವರೆಗೆ ಬರುತ್ತದೆಯೆ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಉತ್ತರ ಹೇಳಲು ತಡವರಿಸಬೇಕಾದೀತು.

ಈ ಪ್ರಶ್ನೆಗೆ ತಮ್ಮ ಇಡೀ ಬಾಳನ್ನೇ ಉತ್ತರವಾಗಿ ತೆತ್ತ ಒಂದು ಕ್ರೈಸ್ತ ಪಂಥ ಅಮೆರಿಕೆಯಲ್ಲಿ ಬೆಳೆಯಿತು. ಜನ ಅವರನ್ನು ಷೇಕರರು ಎಂದು ಕರೆದರು. ಅವರ ಮನೆಗಳಲ್ಲಿ ಪೊರಕೆಯನ್ನು ಮರೆಮಾಡುತ್ತಿರಲಿಲ್ಲ. ಗೋಡೆಯುದ್ದಕ್ಕೂ ಹೊಡೆದ ಪಟ್ಟಿಯಲ್ಲಿ ಸಾಲಾಗಿ ಮರದ ಗೂಟಗಳು. ಆ ಗೂಟಗಳಲ್ಲಿ ಟೋಪಿ, ಮೇಲಂಗಿ, ಕನ್ನಡಿಗಳ ಜೊತೆಗೆ ಪೊರಕೆಯೂ ತೂಗುತ್ತಿದ್ದಿತು. ನೆಲ ಗುಡಿಸುವಾಗ ಕುರ್ಚಿಗಳೂ ಆ ಗೂಟಗಳನ್ನು ಏರುತ್ತಿದ್ದುವು. ಅದೂ ತಲೆಕೆಳಗಾಗಿ, ಕೂರುವ ಕಡೆ ಧೂಳು ಬೀಳಬಾರದೆಂದು. ಸ್ವರ್ಗದಲ್ಲಿ ಕೊಳೆಯೆಂಬುದಿಲ್ಲ, ಕೊಳೆಯಿದ್ದ ಕೋಣೆಯಲ್ಲಿ ಸಾತ್ತ್ವಿಕ ಚೇತನಗಳು ನಿಲ್ಲುವುದಿಲ್ಲ ಎಂಬುದು ಅವರ ಮೂಲಮಾತೆಯ ಬೋಧೆ. ಹಾಗಾದರೆ ಸ್ವರ್ಗವನ್ನು ಭೂಮಿಗೆ ಇಳಿಸಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸವೇನು? ಮನೆಯನ್ನು ಗುಡಿಸುವುದು. ಅವರು ಅಲ್ಲಿಂದಲೇ ಆರಂಭಿಸಿದರು. ಎಲ್ಲಿಯವರೆಗೆ ಹೋದರು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದು ಕೇಳತಕ್ಕ ಕಥೆ.

ಕಮ್ಮಾರನ ಮಗಳು

ಕ್ರಿ. ಶ. 1736ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದ ಒಬ್ಬ ಬಡ ಕಮ್ಮಾರನ ಮನೆಯಲ್ಲಿ ಆನ್ ಲೀ ಎಂಬ ಹೆಣ್ಣುಮಗು ಹುಟ್ಟಿತು. ಶಾಲೆಯ ಮೆಟ್ಟಿಲನ್ನು ಆಕೆ ಹತ್ತಲಿಲ್ಲ. ಎಳೆಯ ವಯಸ್ಸಿನಲ್ಲೇ ಹತ್ತಿಯ ಗಿರಣಿಯ ಕೆಲಸಕ್ಕೆ ಸೇರಿದಳು. ಆಮೇಲೆ ಆಸ್ಪತ್ರೆಯೊಂದರಲ್ಲಿ ಅಡಿಗೆಯವಳಾದಳು. ಹೊಗೆ, ಕೆಸರು, ಇಕ್ಕಟ್ಟಾದ ಗಲ್ಲಿ, ಒಂದೇ ಕೋಣೆಯಲ್ಲಿ ಹತ್ತು ಜನರ ಸಂಸಾರ: ಯಂತ್ರಯುಗದ ಹೊಸಿಲಲ್ಲಿ ನಿಂತ ಆ ಊರಿನ ಬಡವರ ಬಾಳು ಅದು. ಕೊಳೆಯೆಂದರೇನೆಂದು ಆನ್ ಲೀ ಪುಸ್ತಕ ಓದಿ ತಿಳಿದವಳಲ್ಲ.

1758ರಲ್ಲಿ ಆಕೆ ಜೇಮ್ಸ್ ಮತ್ತು ಜೇನ್ ವಾರ್ಡ್ಲಿ ದಂಪತಿಗಳ ಸಣ್ಣದೊಂದು ಭಜನಕೂಟವನ್ನು ಸೇರಿದಳು. ಮೌನಪ್ರಾರ್ಥನೆಗೆ ಹೆಸರಾದ ಕ್ವೇಕರ್ ಪಂಥದಿಂದ ಬೇರೆಯಾಗಿ ಬಂದ ಕೂಟ ಅದು. ಪ್ರಾರ್ಥನೆಗೆ ಕುಳಿತವರಿಗೆ ಆವೇಶ ಬಂದಾಗ ಮೈ ನಡುಗುವುದು, ಅಲುಗುವುದು, ಕೂಗುವರು, ಕುಣಿಯುವರು. ‘ಷೇಕರ್’ ಎಂದರೆ ಅಲುಗುವವನು, ನಡುಗುವವನು ಎಂದೇ ಅರ್ಥ. ಹಾಸ್ಯ ಮಾಡಲು ಜನರಿಟ್ಟ ಹೆಸರನ್ನು ಮುಂದೆ ಅವರೇ ಒಪ್ಪಿಕೊಂಡರು.

1762ರಲ್ಲಿ ಆನ್ ಲೀಯ ಮದುವೆಯಾಯಿತು. ಗಂಡನೂ ಕಮ್ಮಾರನೇ. ನಾಲ್ಕು ಮಕ್ಕಳಾದುವು, ನಾಲ್ಕೂ ಎಳೆಯಂದಿನಲ್ಲೇ ತೀರಿಕೊಂಡುವು. ಹೆತ್ತೂ ಹೆತ್ತೂ ಮಣ್ಣಿಗೊಪ್ಪಿಸಿದ ಆ ತಾಯಿಯ ಸಂಕಟ ಎಂಥದಿದ್ದಿರಬಹುದೆಂಬುದನ್ನು ನಾವು ಊಹಿಸಬಹುದು. ಇದು ತನ್ನ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಆಕೆ ಬಗೆದಳು. ಊಟ ನಿದ್ದೆಗಳನ್ನು ಬಿಟ್ಟು ಪರಿತಪಿಸಿದಳು. 1770ರ ಸುಮಾರಿನಲ್ಲಿ, ಬಂದಿಖಾನೆಯಲ್ಲಿದ್ದಾಗ, ಆಕೆಗೊಂದು ದರ್ಶನವಾಯಿತೆಂದು ಷೇಕರರ ಸಂಪ್ರದಾಯ ಹೇಳುತ್ತದೆ. ಮನುಷ್ಯನ ಪತನಕ್ಕೆ ಮೂಲ ಸ್ತ್ರೀಪುರುಷ ಸಮಾಗಮ. ಅದನ್ನು ತೊರೆಯದೆ ಪಾವಿತ್ರ್ಯವಿಲ್ಲ. ಇದು ಆ ದರ್ಶನದ ಸಾರ. ಅಂದಿನಿಂದ ಆಕೆ ಅನುಯಾಯಿಗಳಿಗೆ ‘ಮದರ್ ಆನ್’, ಮಾತೆ ಆನ್ ಆದಳು.

1774ರಲ್ಲಿ ಎಂಟು ಜನ ಅನುಯಾಯಿಗಳೊಡನೆ ಆಕೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಳು. ಆ ಪಟ್ಟಣದಲ್ಲಿ ಕಂಡವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಹೊಟ್ಟೆ ಹೊರೆದಳು. ಜೊತೆಯಲ್ಲಿ ಬಂದಿದ್ದ ಗಂಡ ಮತ್ತೊಬ್ಬಳೊಡನೆ ಹೊರಟುಹೋದ. ಕೆಲಕಾಲದಲ್ಲಿ ಇವರೆಲ್ಲ ಆಲ್ಬನಿಯ ಹತ್ತಿರ ನಿಸ್ಕಯೂನ ಎಂಬ ಕಾಡುಪ್ರದೇಶದಲ್ಲಿ ನೆಲೆಸಿದರು. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದವರನ್ನು ಆ ಸ್ವಾತಂತ್ರ್ಯ ಸಮರದ ದಿನಗಳಲ್ಲಿ ಯಾರು ನಂಬಿಯಾರು? ಬ್ರಿಟಿಷರ ಬೇಹುಗಾರರೆಂಬ ಅನುಮಾನದಿಂದ 1780ರಲ್ಲಿ ಆಕೆಯನ್ನು ಸೆರೆಯಲ್ಲಿಟ್ಟರು. ಬಿಡುಗಡೆಯಾದ ಮೇಲೆ ಆಕೆ ಊರೂರು ತಿರುಗಿ ಬೋಧಿಸಿದಳು. ಅನೇಕ ಕಡೆ ಗುಂಪುಗಳು ಮೇಲೆ ಬಿದ್ದು ಹೊಡೆದುವು. 1784ರ ಸೆಪ್ಟೆಂಬರಿನಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಆನ್ ಲೀ ತೀರಿಕೊಂಡಳು. ಆಕೆಯ ಪಂಥ ಬೇರೂರಿದ್ದು ಅನಂತರ.

ಕುಣಿತವೇ ಪೂಜೆ

ಆಕೆಯ ತರುವಾಯ ಬಂದ ಜೋಸೆಫ್ ಮೀಚಮ್ ಎಂಬಾತನೂ ಲೂಸಿ ರೈಟ್ ಎಂಬಾಕೆಯೂ ಚೆದರಿದ್ದ ಭಕ್ತರನ್ನು ಒಂದುಗೂಡಿಸಿ ಗ್ರಾಮಗಳನ್ನು ಕಟ್ಟಿದರು. ನ್ಯೂಯಾರ್ಕ್ ಪ್ರಾಂತದ ನ್ಯೂ ಲೆಬನಾನ್ ಅವರ ಮುಖ್ಯ ಪೀಠವಾಯಿತು. ದೇವರು ತಂದೆಯೂ ಹೌದು, ತಾಯಿಯೂ ಹೌದು ಎಂಬುದು ಅವರ ನಂಬಿಕೆ. ಆದ್ದರಿಂದ ಆಡಳಿತದಲ್ಲಿ ಎಲ್ಲೆಲ್ಲಿ ಒಬ್ಬ ಹಿರಿಯನೋ ಅಲ್ಲಲ್ಲಿ ಒಬ್ಬ ಹಿರಿಯಳು. 1796ರಿಂದ 1821ರವರೆಗೆ, ಇಪ್ಪತ್ತೈದು ವರ್ಷಗಳ ಕಾಲ, ಲೂಸಿ ರೈಟ್ ಇಡೀ ಪಂಥದ ಮುಖ್ಯಸ್ಥಳಾಗಿದ್ದಳು. ಅಮೆರಿಕೆಯ ಹೆಂಗಸರಿಗೆ ಮತದಾನದ ಹಕ್ಕು ದೇಶವ್ಯಾಪಿಯಾಗಿ ದೊರೆತುದು 1920ರಲ್ಲಿ ಎಂಬುದನ್ನು ನೆನೆದರೆ ಇದರ ಹಿರಿಮೆ ತಿಳಿದೀತು.

ಅವರ ಪ್ರಾರ್ಥನಾಮಂದಿರದೊಳಗೆ ಶಿಲುಬೆಯಿಲ್ಲ, ಚಿತ್ರವಿಲ್ಲ, ಪೀಠವಿಲ್ಲ, ದೀಪಾಲಂಕಾರವಿಲ್ಲ. ಹೊರಗೆ ಬಿಳಿಯ ಬಣ್ಣ. ಒಳಗೆ ನೀಲಿಯ ಮರಗೆಲಸ, ಕನ್ನಡಿಯಂತೆ ತೇಯ್ದ ನೆಲ. ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು. ಮಂದಿರದ ನಡುವೆ ಒಂದು ಕಂಬವೂ ಇರಲಿಲ್ಲ. ಏಕೆಂದರೆ ಆ ನೆಲ ಕುಣಿಯುವುದಕ್ಕಾಗಿ ಇದ್ದುದು.

ಆರಂಭಕಾಲದ ಅಂಕೆಯಿಲ್ಲದ ಆವೇಶವನ್ನು ಜೋಸೆಫ್ ಮೀಚಮ್ ಕ್ರಮಬದ್ಧವಾದ ನರ್ತನವಾಗಿ ತಿದ್ದಿದ. ಒಂದು ಕಡೆ ಸೋದರರ ಸಾಲು, ಎದುರಿಗೆ ಸೋದರಿಯರ ಸಾಲು. ಹಾಡಿಗೆ ವಾದ್ಯದ ನೆರವಿಲ್ಲ. ಬರಿಯ ಕಂಠ, ಎಲ್ಲರದೂ ಒಂದೇ ಸ್ವರ. ಮುಂದೆ ಹೆಜ್ಜೆಯಿಡುತ್ತಾರೆ, ಹಿಂದೆ ಸರಿಯುತ್ತಾರೆ, ವೃತ್ತವಾಗಿ ಸುತ್ತುತ್ತಾರೆ. ಅಂಗೈಗಳನ್ನು ಮೇಲುಮುಖವಾಗಿ ಹಿಡಿದರೆ ಅನುಗ್ರಹವನ್ನು ಬೇಡಿ ಪಡೆಯುವುದೆಂದು ಅರ್ಥ. ಕೆಳಮುಖವಾಗಿ ಕೊಡವಿದರೆ ಪಾಪವನ್ನು ನೆಲಕ್ಕೆ ಉದುರಿಸುವುದೆಂದು ಅರ್ಥ. ನೂರಾರು ಜನ ಒಂದೇ ಲಯದಲ್ಲಿ ಹೀಗೆ ಚಲಿಸುತ್ತಿದ್ದಾಗಲೂ ಗಂಡಿನ ಕೈ ಹೆಣ್ಣಿನ ಕೈಗೆ ತಾಗುತ್ತಿರಲಿಲ್ಲ. ಈ ನೋಟವನ್ನು ಕಾಣಲೆಂದು ಭಾನುವಾರಗಳಂದು ಸುತ್ತಣ ಊರುಗಳಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಕೆಲವರು ನಕ್ಕು ಹೋಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

1848ರಲ್ಲಿ ಮೇನ್ ಪ್ರಾಂತದ ಜೋಸೆಫ್ ಬ್ರಾಕೆಟ್ ಎಂಬ ಷೇಕರ್ ಹಿರಿಯ ಇಂಥ ಕುಣಿತಕ್ಕಾಗಿ ‘ಸಿಂಪಲ್ ಗಿಫ್ಟ್ಸ್’ ಎಂಬ ಚಿಕ್ಕ ಹಾಡೊಂದನ್ನು ಕಟ್ಟಿದ. ಸುಮಾರು ನೂರು ವರ್ಷಗಳ ಅನಂತರ, 1944ರಲ್ಲಿ, ಆರನ್ ಕೋಪ್ಲಂಡ್ ಎಂಬ ಸಂಗೀತಗಾರ ಅದರ ಮಟ್ಟನ್ನು ತನ್ನ ನೃತ್ಯನಾಟಕವೊಂದರಲ್ಲಿ ಬಳಸಿದ. ಷೇಕರರ ಹೆಸರನ್ನೇ ಕೇಳದವರೂ ಇಂದು ಆ ಮಟ್ಟನ್ನು ಗುನುಗುತ್ತಾರೆ.

ದಿನಚರಿಯ ಮಡಿ

ಪಂಥವನ್ನು ಸೇರುವವರು ಮೊದಲು ಹಿರಿಯರ ಮುಂದೆ ಅಂದಿನವರೆಗಿನ ತಮ್ಮ ಪಾಪಗಳನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಆಮೇಲೆ ಆಸ್ತಿಯೆಲ್ಲ ಸಂಘದ್ದು. ಗಂಡಹೆಂಡಿರು ಅಣ್ಣತಂಗಿಯರಾಗುತ್ತಾರೆ. ಮೂವತ್ತರಿಂದ ನೂರು ಜನರವರೆಗಿನ ಗುಂಪನ್ನು ಅವರು ಕುಟುಂಬವೆಂದು ಕರೆದರು. ರಕ್ತಸಂಬಂಧಕ್ಕೆ ಅಲ್ಲಿ ಬೆಲೆಯಿಲ್ಲ.

ಬೇಸಗೆಯಲ್ಲಿ ಬೆಳಗಿನ ನಾಲ್ಕೂವರೆಗೆ ಗಂಟೆ ಬಾರಿಸುವುದು. ಎದ್ದೊಡನೆ ಮೊಳಕಾಲೂರಿ ಪ್ರಾರ್ಥನೆ, ಹಾಸಿಗೆ ಸುತ್ತುವುದು, ಕೋಣೆ ಗುಡಿಸುವುದು, ಆಮೇಲೆ ಅವರವರ ಕೆಲಸ. ಊಟಕ್ಕೆ ಗಂಡಸರ ಮೇಜು ಬೇರೆ, ಹೆಂಗಸರ ಮೇಜು ಬೇರೆ, ಊಟವೆಲ್ಲ ಮೌನವಾಗಿ. ಬೇಕಾದಷ್ಟು ಬಡಿಸಿಕೊಳ್ಳಬಹುದು, ಆದರೆ ತಟ್ಟೆಯಲ್ಲಿ ಒಂದು ತುಣುಕನ್ನೂ ಬಿಡಕೂಡದು. ನಿಯಮಗಳನ್ನು 1821ರಲ್ಲಿ ಬರೆದಿಟ್ಟರು. 1845ರಲ್ಲಿ ಇನ್ನಷ್ಟು ಬಿಗಿಮಾಡಿದರು. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು. ಕೈಕಟ್ಟಿ ಕುಳಿತಾಗ ಬಲ ಹೆಬ್ಬೆರಳು ಮೇಲೆ. ಮಂಚಕ್ಕೆ ಹಸಿರು ಬಣ್ಣ. ಸೋದರನೂ ಸೋದರಿಯೂ ಮೆಟ್ಟಿಲಮೇಲೆ ಒಬ್ಬರನ್ನೊಬ್ಬರು ಹಾಯಕೂಡದು. ಅನೇಕ ಮನೆಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಮೆಟ್ಟಿಲುಗಳನ್ನೇ ಕಟ್ಟಿದರು.

ಹಾಗೆಂದು ಅವರು ಮಾತನ್ನೇ ಆಡಬಾರದೆಂದಿರಲಿಲ್ಲ. 1793ರಿಂದ ವಾರಕ್ಕೆ ಕೆಲವು ಸಂಜೆ ಒಂದು ಕೋಣೆಯಲ್ಲಿ ಸೋದರರೂ ಸೋದರಿಯರೂ ಎದುರುಬದುರಾಗಿ, ನಡುವೆ ಕೆಲವು ಅಡಿಗಳ ಅಂತರವಿಟ್ಟು, ಕುಳಿತು ಹರಟುವ ಪದ್ಧತಿಯನ್ನು ತಂದರು. ಬೆಳೆ, ಹವೆ, ಹಾಡು, ಊರ ಸುದ್ದಿ ಎಲ್ಲವೂ ಆ ಅಂತರವನ್ನು ದಾಟಬಹುದು. ಮನುಷ್ಯನ ಮನಸ್ಸು ಮನುಷ್ಯನ ಮಾತನ್ನು ಬಯಸುತ್ತದೆಂಬುದು ಆ ಕಟ್ಟುನಿಟ್ಟಿನ ಹಿರಿಯರಿಗೂ ಗೊತ್ತಿದ್ದಿತು.

ಕೈ ಕೆಲಸಕ್ಕೆ, ಮನ ದೇವರಿಗೆ

ಮಾತೆ ಆನ್‌ಳ ಉಪದೇಶಗಳಲ್ಲಿ ಹೆಚ್ಚು ಹೆಸರಾದುದು ಕೆಲಸವನ್ನು ಕುರಿತದ್ದು. ಸಾವಿರ ವರ್ಷ ಬಾಳುವವರಂತೆಯೂ ನಾಳೆಯೇ ಸಾಯುವವರಂತೆಯೂ ಕೆಲಸ ಮಾಡಬೇಕೆಂದು ಆಕೆ ಹೇಳುತ್ತಿದ್ದಳಂತೆ. ಕಾಯಕವನ್ನೇ ಪೂಜೆಯೆಂದು ಬಗೆದ ಶರಣರ ನಾಡಿನವರಾದ ನಮಗೆ ಈ ಮಾತು ಪರಕೀಯವೆನಿಸುವುದಿಲ್ಲ.

ಷೇಕರರು ಮಾಡಿದ ಒಂದು ಕುರ್ಚಿಯನ್ನು ನೋಡಿದರೆ ಈ ಉಪದೇಶದ ಅರ್ಥ ತಿಳಿಯುತ್ತದೆ. ಕೆತ್ತನೆಯಿಲ್ಲ, ಹೂಬಳ್ಳಿಯಿಲ್ಲ. ನಾಲ್ಕು ನೇರವಾದ ಕಾಲು, ಬೆನ್ನಿಗೆ ಮೂರೋ ನಾಲ್ಕೋ ಅಡ್ಡಪಟ್ಟಿ, ಹೆಣೆದ ಪೀಠ. ಒಂದು ಕೈಯಲ್ಲೇ ಎತ್ತಬಹುದು, ಗೂಟಕ್ಕೆ ತೂಗಹಾಕಬಹುದು. ಬೇಕಾದುದಕ್ಕಿಂತ ಹೆಚ್ಚು ಮರ ಎಲ್ಲಿಯೂ ಇಲ್ಲ. ಬೇಕಾದಲ್ಲಿ ಕಡಿಮೆಯೂ ಇಲ್ಲ. ಮಸಾಚುಸೆಟ್ಸಿನ ಹ್ಯಾಂಕಾಕ್ ಗ್ರಾಮದಲ್ಲಿ 1830ರಲ್ಲಿ ಕಟ್ಟಿದ ಇಟ್ಟಿಗೆಯ ವಾಸದ ಮನೆಯಲ್ಲಿ ಗೋಡೆಯೊಳಗೇ ಕೂಡಿಸಿದ ಸೆಳೆಖಾನೆಗಳು 369. ಗೋಡೆಯೊಳಗೆ ಏಕೆ? ಪೆಟ್ಟಿಗೆ, ಬೀರುಗಳನ್ನು ನೆಲದಮೇಲಿಟ್ಟರೆ ಮೇಲೆಯೂ ಕೆಳಗೆಯೂ ಧೂಳು ಸೇರುತ್ತದಲ್ಲ!

ಆ ಕಾಲದವರೆಗೆ ಪೊರಕೆಯೆಂದರೆ ದುಂಡಗೆ ಕಟ್ಟಿದ ಒಂದು ಹಿಡಿ. ಜೋಳದ ಜಾತಿಯ ಒಂದು ಗಿಡದ ತೆನೆಕಡ್ಡಿಗಳನ್ನು ಚಪ್ಪಟೆಯಾಗಿ ಹರವಿ ಹೊಲಿದರೆ ಒಂದೇ ಸಲಕ್ಕೆ ಅಗಲವಾಗಿ ಗುಡಿಸಬಹುದೆಂದು 1798ರಲ್ಲಿ ವಾಟರ್‌ವ್ಲೀಟ್ ಗ್ರಾಮದ ಥಿಯೊಡೋರ್ ಬೇಟ್ಸ್ ಕಂಡುಹಿಡಿದನೆಂದು ಹೇಳುವುದು ವಾಡಿಕೆ. ನೂರಾರು ಜನರ ಬಟ್ಟೆ ಒಗೆಯುವ ಸೋದರಿಯರ ಶ್ರಮವನ್ನು ತಗ್ಗಿಸಲು ದೊಡ್ಡ ಒಗೆಯುವ ಯಂತ್ರವನ್ನು ಮಾಡಿ 1858ರಲ್ಲಿ ಅದಕ್ಕೆ ಸರ್ಕಾರದ ಹಕ್ಕುಪತ್ರ ಪಡೆದರು. ದೊಡ್ಡ ಹೋಟೆಲುಗಳಿಗೂ ಅದನ್ನು ಮಾರಿದರು. ಲೋಕವನ್ನು ತೊರೆದವರು ಯಂತ್ರವನ್ನು ತೊರೆಯಲಿಲ್ಲ. ಉಳಿದ ಹೊತ್ತು ದೇವರಿಗೆ ಸಲ್ಲುತ್ತದೆಂಬುದು ಅವರ ಲೆಕ್ಕ.

ತರಕಾರಿಯ ಬೀಜವನ್ನು ಚಿಕ್ಕ ಕಾಗದದ ಪೊಟ್ಟಣಗಳಲ್ಲಿ ತುಂಬಿ ಊರೂರಿಗೆ ಕೊಂಡೊಯ್ದು ಮಾರುವ ವ್ಯಾಪಾರವನ್ನು ಬೆಳೆಸಿದವರಲ್ಲಿ ಇವರು ಮೊದಲಿಗರು. ಈ ವ್ಯಾಪಾರದ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಬೇಡಿಕೆ ಹೆಚ್ಚಿದಾಗ ಹೊರಗಿನವರಿಂದ ಬೀಜ ಕೊಂಡು ತಮ್ಮದರೊಡನೆ ಬೆರೆಸಿ ಮಾರುವ ಆಸೆ ಕೆಲವರಿಗೆ ಬಂದಿತು. 1819ರಲ್ಲಿ ಮೂರು ಗ್ರಾಮಗಳ ಹೊಣೆಗಾರರು ಸೇರಿ, ಇನ್ನು ಮುಂದೆ ಹೊರಗಿನ ಬೀಜವನ್ನು ತಮ್ಮ ಬೀಜದೊಡನೆ ಬೆರೆಸಿ ಮಾರುವುದಿಲ್ಲವೆಂದು ಬರೆದು ಸಹಿ ಹಾಕಿದರು. ಬೆರಕೆಯಿಂದ ಹೆಸರಿಗೂ ಧರ್ಮಕ್ಕೂ ಕುಂದು ಬರುತ್ತದೆಂಬುದು ಅವರು ಕೊಟ್ಟ ಕಾರಣ. ಕೊಂಡವನು ಬಿತ್ತುವವರೆಗೆ ಬೀಜದ ಗುಣ ಯಾರಿಗೂ ಕಾಣುವುದಿಲ್ಲ. ಮೋಸ ಮಾಡಿದರೂ ಒಂದು ಋತುವಿನವರೆಗೆ ಗುಟ್ಟು ಉಳಿದೀತು. ಅಂಥ ಕಡೆಯಲ್ಲಿ ಮಡಿಯನ್ನು ಕಾಯ್ದವರನ್ನು ಮೆಚ್ಚದಿರುವುದು ಹೇಗೆ? ಕಲಬೆರಕೆಯ ಎಣ್ಣೆ, ಕಲಬೆರಕೆಯ ಹಾಲುಗಳ ಸುದ್ದಿಯನ್ನು ಬೆಳಗಿನ ಕಾಫಿಯ ಜೊತೆಗೆ ಓದುವ ನಮಗಂತೂ ಈ ಒಪ್ಪಂದ ನೆನಪಿನಲ್ಲಿಡತಕ್ಕದ್ದು.

ಕಾಣದ ಕಸ

1837ರ ಸುಮಾರಿನಿಂದ ಹತ್ತು ಹನ್ನೆರಡು ವರ್ಷ ಷೇಕರ್ ಗ್ರಾಮಗಳಲ್ಲಿ ಆವೇಶದ ಹೊಸ ಅಲೆಯೊಂದು ಎದ್ದಿತು. ಎಳೆಯ ಹುಡುಗಿಯರಿಗೆ ದರ್ಶನಗಳಾದುವು. ಸ್ವರ್ಗದ ಹಾಡುಗಳು, ಚಿತ್ರಗಳು, ಸಂದೇಶಗಳು ಇಳಿದುಬಂದುವು. ಆ ಕಾಲದ ಆಚರಣೆಗಳಲ್ಲಿ ಒಂದು ನನ್ನ ಮನಸ್ಸನ್ನು ಬಹುವಾಗಿ ತಟ್ಟಿದೆ. ಗೊತ್ತಾದ ದಿನದಂದು ಹಾಡುವವರ ತಂಡವೊಂದು ಕೋಣೆಯಿಂದ ಕೋಣೆಗೆ, ಕೊಟ್ಟಿಗೆಯಿಂದ ಕಾರ್ಖಾನೆಗೆ ಮೆರವಣಿಗೆಯಾಗಿ ಹೋಗುವುದು. ಅವರ ಕೈಯಲ್ಲಿ ಏನೂ ಇಲ್ಲ. ಆದರೆ ಪೊರಕೆ ಹಿಡಿದವರಂತೆ ತೋಳಾಡಿಸಿ ಕಾಣದ ಕಸವನ್ನು ಕಾಣದ ಪೊರಕೆಯಿಂದ ಗುಡಿಸುವರು. ಅವರ ಹಿಂದೆಮುಂದೆ ಉಳಿದವರು ನಿಜವಾದ ಪೊರಕೆಯಿಂದ ನಿಜವಾದ ಕಸವನ್ನು ತೆಗೆಯುವರು. ಒಳಗಿನ ಕೊಳೆ, ಹೊರಗಿನ ಕೊಳೆ ಎರಡೂ ಒಂದೇ ದಿನ, ಒಂದೇ ಹಾಡಿಗೆ, ಮನೆಯಿಂದ ಹೊರಬೀಳಬೇಕು.

ಹೊರಗಿನವರಿಗೆ ಇದೆಲ್ಲ ಹೇಗೆ ಕಂಡಿತು? 1842ರಲ್ಲಿ ಚಾರ್ಲ್ಸ್ ಡಿಕನ್ಸ್ ನ್ಯೂ ಲೆಬನಾನಿಗೆ ಬಂದ. ಆಗ ಹೊರಗಿನವರಿಗೆ ಪ್ರಾರ್ಥನೆ ನೋಡಲು ಅವಕಾಶವಿರಲಿಲ್ಲ. ಅಲ್ಲಿಯ ಕೋಣೆ, ಗೂಟದ ಮೇಲಿನ ಟೋಪಿ, ಗಡಿಯಾರ ಎಲ್ಲವೂ ಆತನಿಗೆ ನಗೆಯರಿಯದ ಬಿಮ್ಮಾಗಿ ಕಂಡುವು. ನೆಥೇನಿಯಲ್ ಹಾಥಾರ್ನ್ ತಾರುಣ್ಯದಲ್ಲಿ, 1831ರಲ್ಲಿ, ಒಂದು ಷೇಕರ್ ಗ್ರಾಮವನ್ನು ಕಂಡು ಮೆಚ್ಚಿದ್ದ. ಇಪ್ಪತ್ತು ವರ್ಷಗಳ ಮೇಲೆ, 1851ರಲ್ಲಿ, ಗೆಳೆಯ ಹರ್ಮನ್ ಮೆಲ್ವಿಲ್‌ನೊಡನೆ ಹ್ಯಾಂಕಾಕಿಗೆ ಹೋದಾಗ ಆತನಿಗೆ ಕಂಡುದೇ ಬೇರೆ. ಮೈತೊಳೆಯಲು ತಕ್ಕ ಏರ್ಪಾಡಿಲ್ಲ. ಓಣಿಯಲ್ಲೊಂದು ಚಿಕ್ಕ ಬೋಗುಣಿ. ಕಿರಿದಾದ ಒಂದೇ ಮಂಚದಲ್ಲಿ ಇಬ್ಬರು ಮಲಗಬೇಕು. ಇವರ ಶುಚಿಯೆಲ್ಲ ಮೇಲುಮೇಲಿನದೆಂದು ದಿನಚರಿಯಲ್ಲಿ ಕಟುವಾಗಿ ಬರೆದುಕೊಂಡ. ಧೂಳಿಲ್ಲದ ಸ್ವರ್ಗವನ್ನು ಕಟ್ಟಿದೆವೆಂದುಕೊಂಡವರನ್ನು ಕೊಳಕರೆಂದು ಕರೆದ ಆತನ ಮಾತು ಅತಿಯಾಯಿತು ನಿಜ. ಆದರೆ ಯಾವ ಮಡಿಯಲ್ಲಿಯೂ ಮಡಿಯವರ ಕಣ್ಣಿಗೆ ಬೀಳದ ಒಂದು ಮೂಲೆ ಇರುತ್ತದೆಂಬುದನ್ನು ನಾವು ನಮ್ಮ ಮನೆಗಳಲ್ಲೇ ಕಂಡಿಲ್ಲವೆ?

ಮೆಚ್ಚಿದವರೂ ಕಡಿಮೆಯಿಲ್ಲ. ಸಮಾನ ಆಸ್ತಿಯ ಬಾಳು ಸಾಧ್ಯವೆಂಬುದಕ್ಕೆ ಫ್ರೆಡ್ರಿಕ್ ಎಂಗೆಲ್ಸ್ 1840ರ ದಶಕದಲ್ಲಿ ಇವರ ಗ್ರಾಮಗಳನ್ನು ಉದಾಹರಿಸಿದ. ರಷ್ಯದ ಟಾಲ್‌ಸ್ಟಾಯ್ ಇವರ ಪುಸ್ತಕಗಳನ್ನು ತರಿಸಿ ಓದಿ, ಫ್ರೆಡರಿಕ್ ಇವಾನ್ಸ್ ಎಂಬ ಷೇಕರ್ ಹಿರಿಯನೊಡನೆ ಪತ್ರವ್ಯವಹಾರ ನಡೆಸಿದ. ಅಮೆರಿಕೆಯ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಇದೇ ಇವಾನ್ಸ್ ಅಧ್ಯಕ್ಷ ಲಿಂಕನ್‌ನನ್ನು ಕಂಡು, ಕೊಲ್ಲುವುದಿಲ್ಲವೆಂದು ವ್ರತ ತೊಟ್ಟ ತನ್ನವರನ್ನು ಸೈನ್ಯಕ್ಕೆ ಎಳೆಯಬಾರದೆಂದು ಬೇಡಿಕೊಂಡ.

ಒಬ್ಬ ತಾಯಿಯ ಮೊರೆ

ಇಷ್ಟರವರೆಗಿನ ಕಥೆಯಲ್ಲಿ ಮೆಚ್ಚತಕ್ಕದ್ದೇ ಹೆಚ್ಚು. ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾದೀತು.

ನ್ಯೂಯಾರ್ಕ್ ಪ್ರಾಂತದಲ್ಲಿ ಯುನಿಸ್ ಚಾಪ್‌ಮನ್ ಎಂಬ ಹೆಣ್ಣುಮಗಳಿದ್ದಳು. ಕುಡಿತಕ್ಕೆ ಬಿದ್ದ ಆಕೆಯ ಗಂಡ ಜೇಮ್ಸ್ ಹೆಂಡತಿಮಕ್ಕಳನ್ನು ಬಿಟ್ಟು ಹೊರಟುಹೋಗಿ, ಕೆಲವು ಕಾಲದಲ್ಲಿ ವಾಟರ್‌ವ್ಲೀಟಿನ ಷೇಕರರನ್ನು ಸೇರಿದ. ಅಲ್ಲಿ ಕುಡಿತ ಬಿಟ್ಟ, ದುಡಿಯತೊಡಗಿದ. ಇದು ಪಂಥದ ಹಿರಿಮೆಯೇ ಸರಿ. ಆದರೆ 1814ರಲ್ಲಿ ಆತ ಹೆಂಡತಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಂದು, ಒಂದು ಗಂಡು ಎರಡು ಹೆಣ್ಣು ಹೀಗೆ ಮೂರು ಮಕ್ಕಳನ್ನೂ ಎತ್ತಿಕೊಂಡು ಹೋದ. ಮನೆಗೆ ಬಂದ ತಾಯಿಗೆ ಬರಿದಾದ ಮನೆ ಕಾದಿದ್ದಿತು.

ಆಕೆ ಷೇಕರರ ಗ್ರಾಮಕ್ಕೆ ಹೋಗಿ ಬೇಡಿಕೊಂಡಳು. ಪಂಥಕ್ಕೆ ಸೇರು, ಮಕ್ಕಳೊಡನೆ ಇರು ಎಂದರು. ಆಕೆಗೆ ಅದು ಒಪ್ಪಿಗೆಯಾಗಲಿಲ್ಲ. ಅಂದಿನ ಕಾಯಿದೆಯಂತೆ ಮಕ್ಕಳು ತಂದೆಗೆ ಸೇರಿದವರು. ಮದುವೆಯಾದ ಹೆಂಗಸಿಗೆ ತನ್ನದೆಂಬ ಹಕ್ಕೇ ಇರಲಿಲ್ಲ. ಮಕ್ಕಳನ್ನು ಆಕೆಗೆ ಸಿಕ್ಕದಂತೆ ದೂರದ ನ್ಯೂ ಹ್ಯಾಂಪ್‌ಶೈರಿನ ಎನ್‌ಫೀಲ್ಡ್ ಗ್ರಾಮಕ್ಕೆ ಸಾಗಿಸಿದರು. ಆಕೆ ಸುಮ್ಮನಾಗಲಿಲ್ಲ. ತನ್ನ ಕಥೆಯನ್ನು ಅಚ್ಚು ಹಾಕಿಸಿ ಹಂಚಿದಳು. ಶಾಸನಸಭೆಯ ಸದಸ್ಯರ ಬಾಗಿಲುಗಳನ್ನು ವರ್ಷಗಟ್ಟಲೆ ತಟ್ಟಿದಳು. ಕೊನೆಗೆ 1818ರಲ್ಲಿ ನ್ಯೂಯಾರ್ಕಿನ ಶಾಸನಸಭೆ ಆಕೆಯೊಬ್ಬಳಿಗಾಗಿಯೇ ಒಂದು ಕಾಯಿದೆಯನ್ನು ಮಾಡಿ ಮದುವೆಯನ್ನು ರದ್ದುಗೊಳಿಸಿ ಮಕ್ಕಳನ್ನು ಪಡೆಯುವ ಹಕ್ಕನ್ನು ಕೊಟ್ಟಿತು. ಆಕೆ ಎನ್‌ಫೀಲ್ಡಿಗೆ ಹೋದಳು. ಊರ ಜನ ಗುಂಪುಗೂಡಿ ಆಕೆಯ ಬೆಂಬಲಕ್ಕೆ ನಿಂತರು. ಮೊದಲು ಮಗ, ಆಮೇಲೆ ಹೆಣ್ಣುಮಕ್ಕಳು ತಾಯಿಯ ಕೈಸೇರಿದರು. ಅದೇ ಎನ್‌ಫೀಲ್ಡಿನಲ್ಲಿ ಐದು ಮಕ್ಕಳನ್ನು ಕಳೆದುಕೊಂಡು ಹೊರಬಂದ ಮೇರಿ ಡಯರ್ ಎಂಬ ಇನ್ನೊಬ್ಬ ತಾಯಿಗೆ ಆ ಭಾಗ್ಯವೂ ದೊರೆಯಲಿಲ್ಲ. ಬದುಕಿನ ಬಹುಭಾಗವನ್ನು ಆಕೆ ಷೇಕರರ ವಿರುದ್ಧ ಬರೆಯುವುದರಲ್ಲಿ, ಹೋರಾಡುವುದರಲ್ಲಿ ಕಳೆದಳು.

ಷೇಕರರ ಕಡೆಯ ಮಾತೂ ಇದೆ. ಮಕ್ಕಳನ್ನು ತಂದುದು ತಂದೆಯೇ ಹೊರತು ತಾವಲ್ಲವೆಂದರು. ಅನಾಥ ಮಕ್ಕಳು, ದಿಕ್ಕಿಲ್ಲದ ವಿಧವೆಯರು, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರು ನೂರಾರು ಮಂದಿ ಅಲ್ಲಿ ಅನ್ನ, ವಿದ್ಯೆ, ಗೌರವಗಳನ್ನು ಪಡೆದರೆಂಬುದೂ ಸುಳ್ಳಲ್ಲ. ಬೆಳೆದ ಮಕ್ಕಳು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಉಳಿಯಬೇಕೋ ಹೋಗಬೇಕೋ ಎಂಬುದನ್ನು ತಾವೇ ನಿರ್ಧರಿಸಬಹುದಾಗಿತ್ತು. ಆದರೂ ನನ್ನ ಮನಸ್ಸು ಆ ಬರಿದಾದ ಮನೆಯ ಮುಂದೆ ನಿಂತುಬಿಡುತ್ತದೆ. ನಾಲ್ಕು ಮಕ್ಕಳನ್ನು ಮಣ್ಣಿಗೊಪ್ಪಿಸಿದ ಒಬ್ಬ ತಾಯಿಯ ದುಃಖದಿಂದ ಹುಟ್ಟಿದ ಪಂಥ ಇನ್ನೊಬ್ಬ ತಾಯಿಯ ದುಃಖವನ್ನು ಗುರುತಿಸದೆ ಹೋಯಿತಲ್ಲ! ತನ್ನ ಬಾಳನ್ನು ಶುದ್ಧಮಾಡಿಕೊಳ್ಳುವ ಹಕ್ಕು ಜೇಮ್ಸ್ ಚಾಪ್‌ಮನ್ನನಿಗೆ ಇದ್ದಿತು. ಆ ಶುದ್ಧಿಯ ವೆಚ್ಚವನ್ನು ಹೆಂಡತಿಯ ಲೆಕ್ಕಕ್ಕೆ ಬರೆಯುವ ಹಕ್ಕು ಇರಲಿಲ್ಲ.

ಬೆರಳೆಣಿಕೆಯ ಮಂದಿ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೇನ್‌ನಿಂದ ಕೆಂಟಕಿಯವರೆಗೆ ಹದಿನೆಂಟರಷ್ಟು ಷೇಕರ್ ಗ್ರಾಮಗಳಿದ್ದುವು. ಸದಸ್ಯರ ಸಂಖ್ಯೆ ನಾಲ್ಕರಿಂದ ಆರು ಸಾವಿರವೆಂದು ಅಂದಾಜು. ಆಮೇಲೆ ಇಳಿಗಾಲ. ಕಾರ್ಖಾನೆಯ ಅಗ್ಗದ ಸಾಮಾನಿನ ಮುಂದೆ ಕೈಗೆಲಸ ನಿಲ್ಲಲಿಲ್ಲ. ಪಟ್ಟಣಗಳು ಹುಡುಗರನ್ನು ಸೆಳೆದುವು. ಸರ್ಕಾರವೂ ಇತರ ಸಂಸ್ಥೆಗಳೂ ಅನಾಥ ಮಕ್ಕಳ ಹೊಣೆ ಹೊತ್ತಮೇಲೆ ಗ್ರಾಮಗಳಿಗೆ ಬರುವ ಮಕ್ಕಳೂ ಕಡಿಮೆಯಾದರು. ದೇಶಕ್ಕೆಲ್ಲ ಒಳ್ಳೆಯ ಬೀಜ ಮಾರಿದವರ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಹೊರಗಿನಿಂದ ಬರುವವರು ನಿಂತರೆ ಪಂಥವೇ ನಿಲ್ಲುವುದು ಸಹಜ.

ನ್ಯೂ ಲೆಬನಾನಿನ ಗ್ರಾಮ 1947ರಲ್ಲಿ ಮುಚ್ಚಿತು, ಹ್ಯಾಂಕಾಕ್ 1960ರಲ್ಲಿ. ಈಗ ಹ್ಯಾಂಕಾಕ್ ವಸ್ತುಸಂಗ್ರಹಾಲಯ. ನ್ಯೂ ಹ್ಯಾಂಪ್‌ಶೈರಿನ ಕ್ಯಾಂಟರ್‌ಬರಿಯಲ್ಲಿದ್ದ ಹಿರಿಯ ಸೋದರಿಯರು 1960ರ ದಶಕದಲ್ಲಿ ಇನ್ನು ಹೊಸಬರನ್ನು ಸೇರಿಸುವುದಿಲ್ಲವೆಂದು ನಿರ್ಧರಿಸಿದರು. ಅಲ್ಲಿಯ ಕೊನೆಯ ಸೋದರಿ 1992ರಲ್ಲಿ ತೀರಿಕೊಂಡರು. ಮೇನ್ ಪ್ರಾಂತದ ಸಬ್ಬತ್‌ಡೇ ಲೇಕ್ ಗ್ರಾಮದವರು ಮಾತ್ರ ಆ ನಿರ್ಧಾರವನ್ನು ಒಪ್ಪಲಿಲ್ಲ. ಬರುವವರಿಗೆ ಬಾಗಿಲು ತೆರೆದೇ ಇರುವುದೆಂದರು. 2017ರ ಜನವರಿಯಲ್ಲಿ ಅಲ್ಲಿಯ ಸೋದರಿ ಫ್ರಾನ್ಸಿಸ್ ಕಾರ್ ತೀರಿಕೊಂಡಾಗ ಉಳಿದವರು ಇಬ್ಬರು.

ಇತ್ತ ಷೇಕರರ ಕುರ್ಚಿಗಳಿಗೆ ಹರಾಜಿನಲ್ಲಿ ಸಿರಿವಂತರು ಮುಗಿಬೀಳುತ್ತಾರೆ. ಸಬ್ಬತ್‌ಡೇ ಲೇಕಿನ ಸೋದರಿ ಮಿಲ್ಡ್ರೆಡ್ ಬಾರ್ಕರ್ ಈ ವಿಚಾರವಾಗಿ ನಗುತ್ತ ನೊಂದು ಹೇಳಿದ ಮಾತೊಂದುಂಟು: ಮುಂದಿನ ಜನ ತನ್ನನ್ನು ಒಂದು ಕುರ್ಚಿಯೆಂದೇ ನೆನೆದಾರೆಂದು ಆಕೆಗೆ ಅನುಮಾನವಾಗುತ್ತಿತ್ತಂತೆ. ಕುರ್ಚಿ ಮಾಡಿದ ಕೈಯನ್ನೂ ಆ ಕೈಯನ್ನು ನಡೆಸಿದ ಭಕ್ತಿಯನ್ನೂ ಮರೆತು ಕುರ್ಚಿಯನ್ನು ಮಾತ್ರ ಕೊಂಡುಕೊಳ್ಳುವ ಕಾಲಕ್ಕೆ ತಕ್ಕ ಮಾತು ಅದು.

ಭಕ್ತರ ಸಂಖ್ಯೆ ಒಂದು ಮಗು ತನ್ನ ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟಕ್ಕೆ ಇಳಿದಾಗ ಪಂಥ ಮತ್ತೆ ಚಿಗುರುವುದೆಂಬ ಭವಿಷ್ಯವಾಣಿಯೊಂದು ಷೇಕರರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎಣಿಕೆ ಆ ಮಟ್ಟಕ್ಕಂತೂ ಬಂದುಹೋಯಿತು. ಚಿಗುರುವುದೋ ಇಲ್ಲವೋ ನಾನು ಹೇಳಲಾರೆ.

ಮಾತೆ ಆನ್‌ಳ ಬ್ರಹ್ಮಚರ್ಯ ಸಂಸಾರಿಗಳಾದ ನಮಗೆ ಒಗ್ಗತಕ್ಕದ್ದಲ್ಲ, ಒಗ್ಗಬೇಕಾಗಿಯೂ ಇಲ್ಲ. ಆದರೆ ಬೀಜಕ್ಕೆ ಬೇರೆ ಬೀಜ ಬೆರೆಸಲಾರೆವೆಂದು ಸಹಿ ಹಾಕಿದವರ ಮಡಿಯನ್ನು ನಾವು ಎರವಲು ತರಬಹುದು. ಅದಕ್ಕೆ ಯಾರನ್ನೂ ದೂರವಿಡಬೇಕಾಗಿಲ್ಲ, ಯಾರ ಮಗುವನ್ನೂ ಕಿತ್ತುಕೊಳ್ಳಬೇಕಾಗಿಲ್ಲ. ಶುದ್ಧಿಯ ಹೆಸರಿನಲ್ಲಿ ನಾವು ಏನನ್ನಾದರೂ ಮಾಡಹೊರಟಾಗ ಅದರ ಬೆಲೆಯನ್ನು ತೆರುವವರು ನಾವೋ, ಒಳಮನೆಯಲ್ಲಿ ಬಾಯಿಲ್ಲದೆ ಕುಳಿತ ಇನ್ನಾರೋ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಆಮೇಲೆ ಪೊರಕೆಯನ್ನು ಬಾಗಿಲ ಹಿಂದಿಟ್ಟರೂ ಚಿಂತೆಯಿಲ್ಲ, ಗೋಡೆಯ ಮೇಲೆ ತೂಗಹಾಕಿದರೂ ಚಿಂತೆಯಿಲ್ಲ.